ಯಂತ್ರದ ಪರೀಕ್ಷೆ ಮೂರನೆಯ ಮಳೆಗಾಲದಲ್ಲಿ

ಕೃಷಿ ಮೇಳಗಳಲ್ಲಿ ಯಂತ್ರಗಳ ಮಳಿಗೆಯ ಮುಂದೆ ಸೇರುವಷ್ಟು ಜನ ಬೇರೆಲ್ಲೂ ಸೇರುವುದಿಲ್ಲ. ಅಡಿಕೆ ಸುಲಿಯುವ ಯಂತ್ರ, ಮರ ಏರುವ ಸಾಧನ, ನೆಲದಲ್ಲೇ ನಿಂತು ಮದ್ದು ಬಿಡುವ ಉದ್ದನೆಯ ದೋಟಿ, ಕಳೆ ಕೊಚ್ಚುವ ಯಂತ್ರ, ಕಾಫಿಯ ಪಲ್ಪರ್, ಬಿಸಿಲಿನ ಡ್ರೈಯರ್ ಹೀಗೆ ಒಂದೊಂದರ ಮುಂದೆಯೂ ಗುಂಪು. ಆಳು ಸಿಗದ, ಸಿಕ್ಕಿದರೂ ಸಮಯಕ್ಕೆ ಸಿಗದ ಈ ಕಾಲದಲ್ಲಿ ಇದು ಸಹಜವೇ ಸರಿ. ಯಂತ್ರ ಬೇಕೋ ಬೇಡವೋ ಎಂದು ಚರ್ಚಿಸುವ ಕಾಲ ದಾಟಿಹೋಗಿದೆ. ಯಾವ ಯಂತ್ರ, ಯಾರಿಗೆ, ಎಷ್ಟು ಕಾಲಕ್ಕೆ ಎಂಬ ಪ್ರಶ್ನೆ ಮಾತ್ರ ಉಳಿದಿದೆ.

ಮೇಳದ ದಿನ ಯಾವ ಯಂತ್ರವೂ ಕೆಡುವುದಿಲ್ಲ. ಅಲ್ಲಿ ಸುಲಿಯಲು ಇಟ್ಟ ಅಡಿಕೆ ಆರಿಸಿ ತಂದದ್ದು. ಯಂತ್ರ ನಡೆಸುವವನು ಅದರಲ್ಲೇ ಪಳಗಿದವನು. ವಿದ್ಯುತ್ತು ಕೈಕೊಡುವುದಿಲ್ಲ, ಬಿಡಿಭಾಗ ಪಕ್ಕದ ಪೆಟ್ಟಿಗೆಯಲ್ಲೇ ಇರುತ್ತದೆ. ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ ಇಟ್ಟುಕೊಂಡು ಬದುಕುವ ಬೆಳೆಗಾರನ ಕೊಟ್ಟಿಗೆಯಲ್ಲಿ ಅದೇ ಯಂತ್ರ ಮೂರನೆಯ ಮಳೆಗಾಲ ಕಳೆದ ಮೇಲೆ ಹೇಗಿದೆ ಎಂಬುದೇ ನಿಜವಾದ ಪರೀಕ್ಷೆ. ಏಕೆಂದರೆ ಯಂತ್ರ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ಹಳ್ಳಿಗಳಿಗಾಗಿ, ಸಣ್ಣ ಹಿಡುವಳಿದಾರರಿಗಾಗಿ, ಬಡವರ ಮನೆಗಳಿಗಾಗಿ ಹೊಸ ಸಾಧನಗಳನ್ನು ರೂಪಿಸುವ ಪ್ರಯತ್ನ ನಮ್ಮ ದೇಶದಲ್ಲೂ ಹೊರದೇಶಗಳಲ್ಲೂ ಬಹುಕಾಲದಿಂದ ನಡೆದುಬಂದಿದೆ. ಅವುಗಳಲ್ಲಿ ಕೆಲವು ಗೆದ್ದವು, ಹಲವು ಸೋತವು. ಗೆದ್ದದ್ದು ಏಕೆ, ಸೋತದ್ದು ಏಕೆ ಎಂದು ತಿಳಿದುಕೊಂಡರೆ ನಮ್ಮ ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಸ್ವಲ್ಪಮಟ್ಟಿಗಾದರೂ ತಿಳಿದೀತು ಎಂಬ ಉದ್ದೇಶದಿಂದ ಕೆಲವು ಉದಾಹರಣೆಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಊರ ಬಾವಿಯ ಕೈಪಂಪು

ಊರಿನ ಶಾಲೆಯ ಬಳಿ, ದೇವಸ್ಥಾನದ ಮುಂದೆ ಇರುವ ಕೊಳವೆಬಾವಿಯ ಕೈಪಂಪನ್ನು ಕಾಣದವರು ನಮ್ಮಲ್ಲಿ ಯಾರೂ ಇಲ್ಲ. ಅದರ ಹಿಂದೆ ಒಂದು ದೊಡ್ಡ ಪಾಠವಿದೆ. 1960ರ ದಶಕದ ಕೊನೆಯ ಬರಗಾಲದ ತರುವಾಯ ಗಟ್ಟಿ ಕಲ್ಲಿನ ಪ್ರದೇಶಗಳಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಸಾವಿರಾರು ಕೊಳವೆಬಾವಿಗಳನ್ನು ಕೊರೆಯಲಾಯಿತು. ಅವುಗಳ ಮೇಲೆ ಕೂರಿಸಿದ್ದು ಎರಕದ ಕಬ್ಬಿಣದ ಪಂಪು. ಅದರ ಮೂಲ ಮಾದರಿ ಅಮೆರಿಕ, ಯುರೋಪುಗಳ ಒಂದೊಂದು ರೈತ ಕುಟುಂಬ ತನ್ನ ಮನೆಗೆಂದು ದಿನಕ್ಕೆ ನಾಲ್ಕು ಸಲ ಒತ್ತುತ್ತಿದ್ದ ಪಂಪು. ಇಲ್ಲಿ ಅದೇ ಪಂಪನ್ನು ಇಡೀ ಊರು ಬೆಳಗಿನಿಂದ ಸಂಜೆಯವರೆಗೆ ಒತ್ತಿತು. ಫಲವೇನಾಯಿತೆಂದರೆ, 1974ರ ಸುಮಾರಿಗೆ ಪರಿಶೀಲಿಸಿ ನೋಡಿದಾಗ ಮುಕ್ಕಾಲು ಪಾಲು ಪಂಪುಗಳು ಕೆಟ್ಟು ನಿಂತಿದ್ದವು. ಬಾವಿಯಲ್ಲಿ ನೀರಿತ್ತು, ಮೇಲೆ ಪಂಪಿತ್ತು, ಕೊಡಕ್ಕೆ ಮಾತ್ರ ನೀರಿರಲಿಲ್ಲ.

ಪರಿಹಾರ ವಿದೇಶದಿಂದ ಬರಲಿಲ್ಲ. ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರ ಕಡೆ ಬಾವಿ ದುರಸ್ತಿ ಮಾಡುತ್ತಿದ್ದವರು, ದಿನವೂ ಮುರಿದ ಪಂಪು ಬಿಚ್ಚಿ ಕಟ್ಟಿ ಬೇಸತ್ತವರು, ತಾವೇ ಉಕ್ಕಿನಿಂದ ಬೆಸೆದ ಗಟ್ಟಿ ಪಂಪು ಮಾಡಿಕೊಂಡಿದ್ದರು. ಹಲವು ಕಡೆ ಸವೆಯುವ ಕೀಲುಗಳ ಬದಲು ಒಂದೇ ಕೀಲು, ಹಿಡಿಯನ್ನೂ ಒಳಗಿನ ಸರಳನ್ನೂ ಜೋಡಿಸಲು ಒಂದು ಸರಪಳಿ. ಈ ಸೊಲ್ಲಾಪುರದ ಪಂಪನ್ನೇ ಆಧಾರವಾಗಿಟ್ಟುಕೊಂಡು ಇಂಜಿನಿಯರುಗಳು ‘ಇಂಡಿಯಾ ಮಾರ್ಕ್ 2’ ಎಂಬ ಪಂಪನ್ನು ರೂಪಿಸಿದರು. ದಿನವೂ ಎಣ್ಣೆ ಬೇಡದ ಮುಚ್ಚಿದ ಬೇರಿಂಗು, ಕಾಂಕ್ರೀಟಿನಲ್ಲಿ ಕೂರಿಸಿದ ಪೀಠ. ಇಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದದ್ದು, ಅದನ್ನು ಒಮ್ಮೆಲೇ ದೇಶಕ್ಕೆಲ್ಲ ಹಂಚಲಿಲ್ಲ. 1970ರ ದಶಕದ ನಡುವಿನಲ್ಲಿ ಕೊಯಮತ್ತೂರಿನ ಸುತ್ತ ಆಳವಾದ, ಜನ ಬಹಳ ಬಳಸುವ ಬಾವಿಗಳ ಮೇಲೆಯೇ ಕೂರಿಸಿ ಪರೀಕ್ಷಿಸಿದರು. ಅನಂತರ ಮದರಾಸಿನ ಕಾರ್ಖಾನೆಯಲ್ಲಿ ತಯಾರಿಕೆ ಆರಂಭವಾಯಿತು. 1979ರಲ್ಲಿ ಭಾರತೀಯ ಮಾನಕ ಸಿದ್ಧವಾಯಿತು. ಯಾರೂ ಪೇಟೆಂಟು ಹಿಡಿದುಕೊಳ್ಳಲಿಲ್ಲವಾದ್ದರಿಂದ ಹಲವು ಕಾರ್ಖಾನೆಗಳು ಒಂದೇ ಅಳತೆಯಲ್ಲಿ ಮಾಡಿದವು. ಒಬ್ಬರ ಬೋಲ್ಟು ಇನ್ನೊಬ್ಬರ ಪಂಪಿಗೆ ಹೊಂದಿತು.

ಆದರೂ ಒಂದು ಕೊರತೆ ಉಳಿಯಿತು. ಬಾವಿಯೊಳಗಿನ ಭಾಗ ಕೆಟ್ಟರೆ ಕೊಳವೆಗಳನ್ನೆಲ್ಲ ಮೇಲೆತ್ತಬೇಕು, ಅದಕ್ಕೆ ಪಟ್ಟಣದಿಂದ ತಂಡವೂ ವಾಹನವೂ ಬರಬೇಕು. ತಂಡ ಬರುವವರೆಗೆ ಹೆಂಗಸರು ಕೊಡ ಹೊತ್ತು ದೂರ ನಡೆಯಬೇಕು. ಈ ಕೊರತೆ ನೀಗಲು 1980ರ ದಶಕದಲ್ಲಿ ‘ಮಾರ್ಕ್ 3’ ಬಂತು. ಅದರಲ್ಲಿ ಕೊಳವೆ ಎತ್ತದೆ ಒಳಗಿನ ಪಿಸ್ಟನನ್ನಷ್ಟೇ ಹೊರಗೆಳೆದು ವಾಷರು ಬದಲಿಸಬಹುದು. ಪಂಪು ನೀರು ಎತ್ತಿದರೆ ಸಾಲದು, ಅದನ್ನು ಎತ್ತಿ ರಿಪೇರಿ ಮಾಡುವ ಕೈ ಊರೊಳಗೇ ಇರಬೇಕು ಎಂಬುದನ್ನು ಒಪ್ಪಿಕೊಳ್ಳಲು ಹತ್ತು ವರ್ಷ ಬೇಕಾಯಿತು.

ಮಕ್ಕಳು ತಿರುಗಿಸುವ ಪಂಪು

ಇದಕ್ಕೆ ತದ್ವಿರುದ್ಧವಾದ ಕಥೆ ಆಫ್ರಿಕದ್ದು. ದಕ್ಷಿಣ ಆಫ್ರಿಕದಲ್ಲಿ ‘ಪ್ಲೇಪಂಪ್’ ಎಂಬ ಒಂದು ಸಾಧನ ಹೊರಟಿತು. ಮಕ್ಕಳು ಕುಳಿತು ಗಿರಗಿರನೆ ತಿರುಗುವ ಆಟದ ಚಕ್ರ. ಅದು ತಿರುಗಿದಂತೆ ಬಾವಿಯ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಮೈಮೇಲಿನ ಜಾಹೀರಾತಿನಿಂದ ದುರಸ್ತಿಯ ಖರ್ಚು ಹುಟ್ಟುತ್ತದೆ. ಕೇಳಿದವರಿಗೆಲ್ಲ ಹಿಡಿಸುವ ಕಲ್ಪನೆ. 2006ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ 1 ಕೋಟಿ 64 ಲಕ್ಷ ಡಾಲರುಗಳ ನೆರವು ಘೋಷಣೆಯಾಯಿತು. 2010ರೊಳಗೆ 4,000 ಪಂಪು ಹಾಕುವ ಗುರಿ.

ಮೊಜಾಂಬಿಕ್ ಮೊದಲಾದ ಕಡೆ ಹೋಗಿ ನೋಡಿದಾಗ ತಿಳಿದದ್ದು ಬೇರೆ. ಮಕ್ಕಳು ತಮಗೆ ಬೇಕಾದಾಗ ಆಡುತ್ತಾರೆಯೇ ಹೊರತು ಮನೆಯಲ್ಲಿ ನೀರು ಬೇಕಾದಾಗಲ್ಲ. ಬೆಳಗಿನ ಜಾವ ನೀರಿಗೆ ಬಂದ ಹೆಂಗಸರು, ಮುದುಕಿಯರು ಆ ಭಾರದ ಚಕ್ರವನ್ನು ಬಗ್ಗಿ ತಳ್ಳಬೇಕಾಯಿತು. ಕೆಲವು ಊರುಗಳಲ್ಲಿ ಚೆನ್ನಾಗಿಯೇ ಇದ್ದ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು. ಒಂದು ಪಂಪು 2,500 ಜನರಿಗೆ ನೀರು ಕೊಡುತ್ತದೆ ಎಂಬುದು ಪ್ರಚಾರ. ಅಷ್ಟು ನೀರು ಏರಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿತು. ದಿನಕ್ಕೆ ಇರುವುದೇ 24 ಗಂಟೆ! ಯೋಜನೆ ಅಲ್ಲಿಗೇ ಮುಗ್ಗರಿಸಿತು.

ಈ ಲೆಕ್ಕಕ್ಕೆ ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಬೇಕಾದಷ್ಟು ನೀರು ಎಷ್ಟು, ಒಂದು ಗಂಟೆಗೆ ಏರುವ ನೀರು ಎಷ್ಟು ಎಂದು ಭಾಗಿಸಿದ್ದರೆ ಸಾಕಿತ್ತು. ಹಣ ಬಿಡುಗಡೆಯಾಗುವ ಮೊದಲು ಆ ಭಾಗಾಕಾರವನ್ನು ಸಾಕಷ್ಟು ಗಟ್ಟಿಯಾಗಿ ಯಾರೂ ಮಾಡಲಿಲ್ಲ ಎಂಬುದೇ ಸೋಜಿಗ.

ಅಳೆದದ್ದು ಒಲೆಯನ್ನು, ಅಡುಗೆಯನ್ನಲ್ಲ

ನಮ್ಮ ಮನೆಗಳ ಹೆಂಗಸರಿಗೆ ನೇರವಾಗಿ ಸಂಬಂಧಪಟ್ಟದ್ದು ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಅವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ತರುವುದು ಅದರ ಗುರಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ. ಅಲ್ಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಶಕ್ತಿಯ ಬಳಕೆಯ ಲೆಕ್ಕ ತೆಗೆದಾಗ, ಹೆಚ್ಚಿನ ಪಾಲು ಸೌದೆಯಾಗಿ ಅಡುಗೆ ಒಲೆಗೇ ಹೋಗುತ್ತಿದ್ದುದು ಕಂಡುಬಂತು. ಅದರಿಂದ ಹುಟ್ಟಿದ್ದೇ ಮೂರು ಪಾತ್ರೆಗಳ, ಕೆಳಗೆ ಜಾಲರಿಯುಳ್ಳ, ಹೊಗೆ ಕೊಳವೆಯ ‘ಅಸ್ತ್ರ ಒಲೆ’. ನಮ್ಮ ರಾಜ್ಯದಲ್ಲಿ ಊರೂರಿನ ಗಾರೆಯವರಿಗೆ ತರಬೇತಿ ಕೊಟ್ಟು ಇದನ್ನು ಹರಡಲಾಯಿತು.

ಇದೇ ಕಾಲದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ 3 ಕೋಟಿಗೂ ಹೆಚ್ಚು ಒಲೆಗಳು ಕಟ್ಟಲ್ಪಟ್ಟಿದ್ದವು. ಆದರೆ ಗುರಿ ಎಣಿಸಿದ್ದು ಕಟ್ಟಿದ ಒಲೆಗಳಲ್ಲಿ, ಉರಿಯುತ್ತಿರುವ ಒಲೆಗಳಲ್ಲಲ್ಲ. ಮುಂದೆ ಒಡಿಶಾದ 44 ಹಳ್ಳಿಗಳ ಸುಮಾರು 2,600 ಮನೆಗಳಲ್ಲಿ ಅರ್ಥಶಾಸ್ತ್ರಜ್ಞರು ಬೇರೊಂದು ಸುಧಾರಿತ ಒಲೆಯನ್ನು ನಾಲ್ಕು ವರ್ಷಗಳವರೆಗೆ ಬೆನ್ನುಹತ್ತಿ ನೋಡಿದರು. ಅವರ ವರದಿ 2016ರಲ್ಲಿ ಅಚ್ಚಾಯಿತು. ಮೊದಲ ವರ್ಷ ಹೆಂಗಸರ ಉಸಿರಿನಲ್ಲಿ ಹೊಗೆಯ ಅಂಶ ಕಡಿಮೆಯಾಗಿತ್ತು. ಮುಂದಿನ ವರ್ಷಗಳಲ್ಲಿ ಆ ಲಾಭ ಕರಗಿಹೋಯಿತು. ಸೌದೆಯೂ ಉಳಿಯಲಿಲ್ಲ. ಕಾರಣ ಸರಳ: ಒಲೆ ಬಿರುಕು ಬಿಟ್ಟಾಗ ಮೆತ್ತಲಿಲ್ಲ, ಹೊಗೆ ಕೊಳವೆಯ ಮಸಿ ತೆಗೆಯಲಿಲ್ಲ, ಹಳೆಯ ಒಲೆಯೂ ಪಕ್ಕದಲ್ಲೇ ಉರಿಯುತ್ತಿತ್ತು.

ಪ್ರಯೋಗಶಾಲೆಯಲ್ಲಿ ಅಳೆಯುವುದು ಒಂದು ಹದದ ಸೌದೆಯನ್ನು, ಒಂದು ಪಾತ್ರೆ ನೀರನ್ನು. ಮನೆಯಲ್ಲಿ ಉರಿಯುವುದು ಸೋಗೆ, ಹಾಳೆ, ಅಡಿಕೆ ಸಿಪ್ಪೆ, ಹಸಿ ಕಟ್ಟಿಗೆ. ಬೇಯುವುದು ಕುಚ್ಚಲಕ್ಕಿ, ಕಾಯುವುದು ಹಂಡೆ ನೀರು. ಮನೆಯಾಕೆಯನ್ನು ಕೇಳದೆ ಒಲೆಯನ್ನು ಅಳೆದರೆ ಒಲೆಯ ಗುಣ ತಿಳಿಯುತ್ತದೆ, ಅಡುಗೆಮನೆಯ ಹೊಗೆ ತಿಳಿಯುವುದಿಲ್ಲ.

ಪುರದ ಗೋಬರ್ ಅನಿಲ

ಅದೇ ಉಂಗ್ರದ ಸುತ್ತಿನ ಪುರ ಎಂಬುದು ನೂರು ಮನೆಯೊಳಗಿನ ಸಣ್ಣ ಹಳ್ಳಿ. ಅಲ್ಲಿ ಮೊದಲು ಊರೊಟ್ಟಿನ ಗೋಬರ್ ಅನಿಲ ಸ್ಥಾವರದಿಂದ ಅಡುಗೆಗೆ ಅನಿಲ ಕೊಡುವ ಯತ್ನ ನಡೆಯಿತು. ಊರ ದನಗಳ ಸಗಣಿಯಿಂದ ಬರುವ ಅನಿಲ ಎಲ್ಲರ ಅಡುಗೆಗೆ ಸಾಲದೆ ಅದು ಕೈಗೂಡಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಅದೂ ಒಂದು ಪಾಳು ತೊಟ್ಟಿಯಾಗಿ ಉಳಿಯುತ್ತಿತ್ತು. ಅವರು ಹಾಗೆ ಬಿಡದೆ, ಊರವರಿಗೆ ಮೊದಲು ಬೇಕಾದದ್ದೇನು ಎಂದು ನೋಡಿದರು. ಬೇಕಾಗಿದ್ದುದು ಕುಡಿಯುವ ನೀರು. ಸರಿ, ಅದೇ ಅನಿಲದಿಂದ ಎಂಜಿನ್ ನಡೆಸಿ ವಿದ್ಯುತ್ತು ಮಾಡಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಏರಿಸಿ, ಉಳಿದದ್ದರಿಂದ ಮನೆಗಳಿಗೆ ದೀಪ ಕೊಟ್ಟರು. 1987ರಲ್ಲಿ ಇದು ಆರಂಭವಾಯಿತು.

ಇದರ ಲೆಕ್ಕಾಚಾರ ಸಹಕಾರಿಗಳಾದ ನಾವು ನೋಡಿ ಕಲಿಯುವಂಥದ್ದು. ಸಗಣಿ ತಂದು ಹಾಕಿದವರಿಗೆ ತೂಕಕ್ಕೆ ತಕ್ಕಂತೆ ಸಣ್ಣ ಮೊತ್ತ. ಅನಿಲ ತೆಗೆದ ಮೇಲಿನ ರಾಡಿ ಗೊಬ್ಬರ ಅವರವರ ಪಾಲಿಗೆ ತಕ್ಕಂತೆ ವಾಪಸು. ದೀಪ ಪಡೆದವರಿಂದ ಶುಲ್ಕ. ಯಂತ್ರ ನಡೆಸಲು ಊರಿನ ಯುವಕರಿಗೇ ತರಬೇತಿ. ಒಬ್ಬ ಸಗಣಿ ಕೊಡದಿದ್ದರೆ ಎಲ್ಲರ ನಲ್ಲಿಯೂ ಒಣಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತಾದ್ದರಿಂದ ಹಲವು ವರ್ಷ ಇದು ನಡೆಯಿತು. ಸ್ಥಾವರ ಹೆಚ್ಚುಕಡಿಮೆ ಅದೇ. ಕೆಲಸ ಬದಲಾದಾಗ, ಕೊಡುಕೊಳ್ಳುವಿಕೆಯ ಲೆಕ್ಕ ನೇರ್ಪಾದಾಗ ಅದು ಊರಿನದಾಯಿತು.

ಮೈಲುತುತ್ತು ಮತ್ತು ಸುಣ್ಣ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ತೋಟದೊಳಗೇ ಇರುವ ದೊಡ್ಡ ಉದಾಹರಣೆಯನ್ನು ಮರೆಯಬಾರದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಬೋರ್ಡೋ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ಅದರ ಶಿಲೀಂಧ್ರವನ್ನು ವಿವರಿಸಿದರು; ಬೋರ್ಡೋ ದ್ರಾವಣವನ್ನು ಇಲ್ಲಿನ ಕೊನೆಗಳ ಮೇಲೆ ಪ್ರಯೋಗಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಹುಟ್ಟಿದ್ದೂ ಅವರ ಪ್ರಯತ್ನದಿಂದಲೇ.

ಅದಕ್ಕೆ ಮುಂಚೆ ನಮ್ಮ ಹಿರಿಯರು ಮಾಡುತ್ತಿದ್ದುದು ಕೊನೆಗೆ ಕೊಟ್ಟೆ ಕಟ್ಟುವುದು. ಕೊಟ್ಟೆ ಮಳೆ ನೀರು ಕೊನೆಯ ಮೇಲೆ ಬೀಳದಂತೆ ತಡೆಯುತ್ತಿತ್ತು. ಅಂದರೆ ತೊಂದರೆ ಎಲ್ಲಿಂದ ಎಂಬುದು ಬೆಳೆಗಾರನಿಗೆ ಗೊತ್ತೇ ಇತ್ತು. ವಿಜ್ಞಾನ ಅದಕ್ಕೆ ಹೆಚ್ಚು ಸುಲಭದ ದಾರಿ ಕೊಟ್ಟಿತು. ಶತಮಾನ ಕಳೆದರೂ ಈ ದ್ರಾವಣ ಏಕೆ ಉಳಿಯಿತು? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಎಲ್ಲ ಪೇಟೆಯಲ್ಲೂ ಸಿಗುವ ಸರಕು. ಮಾಡುವುದು ತೋಟದಲ್ಲೇ. ಸರಿಯಾಯಿತೇ ಎಂದು ನೋಡಲು ಯಾವ ಉಪಕರಣವೂ ಬೇಡ: ಉಜ್ಜಿ ಹೊಳಪಿಸಿದ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಫಲವೂ ಅದೇ ವರ್ಷ ಕಣ್ಣಿಗೆ ಕಾಣುತ್ತದೆ. ಮದ್ದು ಬಿಟ್ಟ ಮರದ ಕಾಯಿ ನಿಲ್ಲುತ್ತದೆ, ಬಿಡದ ಮರದ ಬುಡದಲ್ಲಿ ಕಾಯಿ ಹಾಸುತ್ತದೆ. ತಯಾರಿಕೆ, ಪರೀಕ್ಷೆ, ತೀರ್ಮಾನ ಮೂರೂ ಬೆಳೆಗಾರನ ಕೈಯಲ್ಲೇ ಇವೆ.

ಉಳಿದಿರುವ ಕೊರತೆ ಮದ್ದಿನದಲ್ಲ, ಮರ ಏರುವವನದು. ಮುಂಗಾರಿಗೆ ಮೊದಲೊಂದು ಸಲ, 40–45 ದಿನ ಬಿಟ್ಟು ಮತ್ತೊಂದು ಸಲ, ಅದೂ ಜಾರುವ ಮರದ ಮೇಲೆ ಜೀವ ಪಣಕ್ಕಿಟ್ಟು ಏರುವ ಕೊನೆಗೌಡರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಬಿದ್ದು ನಡು ಮುರಿದುಕೊಂಡವರ ಮನೆಗಳು ನಮ್ಮ ಎಲ್ಲ ಊರುಗಳಲ್ಲೂ ಇವೆ. ಆದುದರಿಂದ ಇಲ್ಲಿ ಯಂತ್ರದ ಮೊದಲ ಅಳತೆ ದಿನಕ್ಕೆ ಎಷ್ಟು ಮರ ಎಂಬುದಾಗಬಾರದು. ಏರುವವನು ಸಂಜೆ ಮನೆ ಸೇರುತ್ತಾನೆಯೇ ಎಂಬುದಾಗಬೇಕು.

ನಾವು ಕೇಳಬೇಕಾದ ಪ್ರಶ್ನೆಗಳು

ಮೇಲಿನ ಉದಾಹರಣೆಗಳಿಂದ ಒಂದು ಯಂತ್ರವನ್ನು ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊರಡುತ್ತವೆ.

ಒಂದು, ಇದನ್ನು ನಡೆಸುವವರು ಯಾರು? ಅವರ ಕೈಗೇ ಕೊಟ್ಟು ನೋಡಬೇಕು. ಯಜಮಾನ ಹಣ ಕೊಡುತ್ತಾನೆ. ಹೆಗಲಿಗೆ ಹೊರುವವನು ಬೇರೆ. ಗುಡ್ಡದ ತೋಟದಲ್ಲಿ ಮಧ್ಯಾಹ್ನದವರೆಗೆ ಹೊತ್ತವನ ಮಾತಿಗೆ ಮಳಿಗೆಯವನ ಮಾತಿಗಿಂತ ಬೆಲೆ ಹೆಚ್ಚು.

ಎರಡು, ನಮ್ಮ ಸರಕಿಗೆ ಆಗುತ್ತದೆಯೇ? ಒಣ ಚಾಲಿ ಸುಲಿಯುವ ಯಂತ್ರವೇ ಬೇರೆ, ಹಸಿ ಅಡಿಕೆ ಸುಲಿಯುವ ಯಂತ್ರವೇ ಬೇರೆ. ಒಂದು ಮೂಟೆ ನಮ್ಮದೇ ಅಡಿಕೆ ಹಾಕಿ, ಸುಲಿಯದೆ ಉಳಿದದ್ದೆಷ್ಟು, ಒಡೆದದ್ದೆಷ್ಟು ಎಂದು ತೂಗಬೇಕು. ಒಡೆದ ಅಡಿಕೆಗೆ ಬೆಲೆ ಇಳಿಯುವುದರಿಂದ ಆ ನಷ್ಟವನ್ನೂ ಯಂತ್ರದ ಖರ್ಚಿಗೇ ಸೇರಿಸಬೇಕು.

ಮೂರು, ಕೆಟ್ಟರೆ ರಿಪೇರಿ ಎಲ್ಲಿ? ಹತ್ತಿರದ ಪೇಟೆಯಲ್ಲಿ ಬಿಡಿಭಾಗ ಸಿಗದ ಯಂತ್ರವನ್ನು ಅರ್ಧ ಬೆಲೆಗೆ ಕೊಟ್ಟರೂ ಅದು ದುಬಾರಿಯೇ. ಸಬ್ಸಿಡಿ ಯಂತ್ರಕ್ಕಿದೆ, ದುರಸ್ತಿಗಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ನಾಲ್ಕು, ವರ್ಷದಲ್ಲಿ ಎಷ್ಟು ಕೆಲಸ? ಲೆಕ್ಕಕ್ಕೆಂದು ಹೀಗೆ ತಿಳಿಯೋಣ. 60,000 ರೂಪಾಯಿಯ ಯಂತ್ರ ಆರು ವರ್ಷ ಬಾಳಿದರೆ ವರ್ಷಕ್ಕೆ 10,000. ಬಡ್ಡಿ, ದುರಸ್ತಿ ಸೇರಿ ಇನ್ನೊಂದು 5,000. ವರ್ಷಕ್ಕೆ 10 ಕ್ವಿಂಟಾಲ್ ಮಾತ್ರ ಸುಲಿಯುವ ಮನೆಗೆ, ಕರೆಂಟು, ಕೂಲಿ ಬಿಟ್ಟು, ಕ್ವಿಂಟಾಲಿಗೆ 1,500 ರೂಪಾಯಿ ಬಿತ್ತು. ಅಂಥ ಐದು ಮನೆ ಕೂಡಿ 50 ಕ್ವಿಂಟಾಲ್ ಸುಲಿದರೆ, ಬಡ್ಡಿ ದುರಸ್ತಿಯ ಖರ್ಚು ಇಮ್ಮಡಿಯಾದರೂ, 400 ರೂಪಾಯಿ ಮಾತ್ರ.

ಐದು, ಕೂಡಿ ಕೊಳ್ಳಲು ಬರುತ್ತದೆಯೇ? ಚಾಲಿಯನ್ನು ಇಟ್ಟುಕೊಂಡು ಸರದಿಯ ಮೇಲೆ ಸುಲಿಯಬಹುದು. ಆದ್ದರಿಂದ ಆ ಯಂತ್ರ ಐದು ಮನೆಗೆ ಒಂದು ಸಾಕು. ಕೆಂಪಡಿಕೆಯವರಿಗೆ ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ. ಮದ್ದು ಬಿಡುವ ಪಂಪಂತೂ ಮಳೆ ಹಿಡಿಯುವ ಮೊದಲಿನ ಅದೇ ನಾಲ್ಕು ಬಿಸಿಲ ದಿನ ಎಲ್ಲರಿಗೂ ಬೇಕು. ಎಲ್ಲರಿಗೂ ಒಂದೇ ದಿನ ಬೇಕಾದ ಯಂತ್ರವನ್ನು ಪಾಲಿಗೆ ಕೊಂಡರೆ ಉಳಿಯುವುದು ಜಗಳ.

ಆರು, ಯಾರ ಕೂಲಿ ಹೋಗುತ್ತದೆ? ಮೆಟ್ಟುಗತ್ತಿ ಹಿಡಿದು ಸುಲಿದು ಸಂಸಾರ ನಡೆಸುವ ಹೆಂಗಸರು ನಮ್ಮ ಊರುಗಳಲ್ಲಿ ಇದ್ದಾರೆ. ಯಂತ್ರ ತಂದ ಮೇಲೆ ಅದನ್ನು ನಡೆಸುವ ಕೆಲಸ, ಆರಿಸುವ ಕೆಲಸ ಅವರಿಗೇ ಸಿಗುವಂತೆ ಮೊದಲೇ ಯೋಚಿಸಿದರೆ ಮುಂದೆ ಕೊಯ್ಲಿಗೂ ಆಳು ಸಿಕ್ಕಾರು.

ಸಂಘಗಳು ಮಾಡಬಹುದಾದ ಕೆಲಸ

ಒಬ್ಬೊಬ್ಬರೇ ಹಣ ಹಾಕಿ ಒಬ್ಬೊಬ್ಬರೇ ಕಲಿಯುವುದಕ್ಕಿಂತ ಸಹಕಾರ ಸಂಘಗಳು ಈ ಹೊಣೆಯನ್ನು ಹೊರುವುದು ಲೇಸು. ಹೊಸ ಯಂತ್ರವೊಂದನ್ನು ಸಂಘವೇ ತಂದು, ಒಂದು ಗುಡ್ಡದ ತೋಟ, ಒಂದು ಕಣಿವೆಯ ತೋಟ, ಒಂದು ಹಳೆಯ ಎತ್ತರದ ಮರಗಳ ತೋಟ ಹೀಗೆ ಬೇರೆ ಬೇರೆ ಕಡೆ ಒಂದು ಪೂರ್ಣ ಹಂಗಾಮು ನಡೆಸಿ ನೋಡಬೇಕು. ಯಂತ್ರದ ಜೊತೆಗೆ ಒಂದು ಪುಸ್ತಕ ಹೋಗಬೇಕು. ಎಷ್ಟು ಗಂಟೆ ನಡೆಯಿತು, ಎಷ್ಟು ಕೆಲಸವಾಯಿತು, ಏನು ಕೆಟ್ಟಿತು, ಸರಿಯಾಗಲು ಎಷ್ಟು ದಿನ ಹಿಡಿಯಿತು, ಎಷ್ಟು ಖರ್ಚಾಯಿತು, ನಡೆಸಿದವರ ಹೆಸರೇನು, ಅವರು ಏನೆಂದರು ಎಂಬಿಷ್ಟನ್ನು ಬರೆದರೆ ಸಾಕು. ಕೆಟ್ಟು ನಿಂತ ದಿನಗಳನ್ನು ತಪ್ಪದೆ ಬರೆಯಬೇಕು. ನಡೆದ ದಿನಗಳ ಸುದ್ದಿ ತಾನಾಗಿಯೇ ಹರಡುತ್ತದೆ.

ಆ ಪುಸ್ತಕವನ್ನು ವಾರ್ಷಿಕ ಸಭೆಯಲ್ಲಿ ಓದಿಸಬೇಕು; ಯಂತ್ರ ಮಾಡಿದವರಿಗೂ ಒಂದು ಪ್ರತಿ ಕೊಡಬೇಕು. ಸೊಲ್ಲಾಪುರದ ದುರಸ್ತಿಗಾರರು ಕಂಡ ದೋಷದಿಂದಲೇ ದೇಶಕ್ಕೆ ಒಳ್ಳೆಯ ಪಂಪು ಸಿಕ್ಕಿತೆಂಬುದನ್ನು ನೋಡಿದೆವು. ನಮ್ಮ ತೋಟದ ದೋಷವನ್ನು ನಾವು ಹೇಳದಿದ್ದರೆ ಕಾರ್ಖಾನೆಗೆ ಯಾರು ಹೇಳಬೇಕು?

ಬರುವ ಹಂಗಾಮಿಗೆ ಮುನ್ನ ಸದಸ್ಯ ಬಾಂಧವರು ತಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದೆಸಿ ಇಟ್ಟಿರುವ ಯಂತ್ರಗಳನ್ನು ಒಮ್ಮೆ ಹೊರಗೆ ತೆಗೆದು ನೋಡಲಿ. ಯಾವುದು ಏಕೆ ನಿಂತಿತು ಎಂದು ಎರಡು ಸಾಲು ಬರೆದು ತಮ್ಮ ಸಂಘಕ್ಕೆ ಕಳುಹಿಸಲಿ. ಮುಂದೆ ಕೊಳ್ಳುವವರಿಗೆ ಯಾವ ಜಾಹೀರಾತಿಗಿಂತಲೂ ಆ ಎರಡು ಸಾಲಿನಿಂದ ಹೆಚ್ಚು ಉಪಕಾರವಾಗುವುದರಲ್ಲಿ ಸಂದೇಹವಿಲ್ಲ.